ಇಗ್ನೇಷಿಯಸ್ ಡಾನೆಲಿಯ ಸಭಾಜೀವನವೂ ಗ್ರಂಥಜೀವನವೂ

ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ, ಕಾಲವಾದ ವಕೀಲರೊಬ್ಬರ ಮನೆಯ ಪುಸ್ತಕಗಳು ನಮ್ಮ ಊರಿನ ವಾಚನಾಲಯಕ್ಕೆ ದಾನವಾಗಿ ಬಂದುವು. ಅವುಗಳ ನಡುವೆ ರಟ್ಟು ಕಳಚಿದ, ಅಂಚನ್ನು ಹುಳು ತಿಂದ ಒಂದು ಇಂಗ್ಲಿಷ್ ಗ್ರಂಥವು ನನ್ನ ಕೈಗೆ ಸಿಕ್ಕಿತು. ಅದರ ಹೆಸರು 'ಅಟ್ಲಾಂಟಿಸ್'. ಪ್ರಳಯಕ್ಕೆ ಮುಂಚಿನ ಪ್ರಪಂಚವೆಂಬುದು ಅದರ ಉಪನಾಮ. ಅಟ್ಲಾಂಟಿಕ್ ಮಹಾಸಾಗರದ ನಡುವೆ ಒಂದಾನೊಂದು ಕಾಲದಲ್ಲಿ ಮಹಾದ್ವೀಪವೊಂದು ಇದ್ದಿತು, ಮನುಷ್ಯನು ಅನಾಗರಿಕ ಸ್ಥಿತಿಯಿಂದ ಮೊದಲು ಮೇಲೆದ್ದುದು ಅಲ್ಲಿಯೇ, ಗ್ರೀಕರ ದೇವತೆಗಳೂ ನಮ್ಮ ದೇವತೆಗಳೂ ಆ ದ್ವೀಪದ ಅರಸರು ಅರಸಿಯರೇ, ಅದು ಸಮುದ್ರದಲ್ಲಿ ಮುಳುಗಿದ ನೆನಪೇ ಸಕಲ ಜನಾಂಗಗಳ ಜಲಪ್ರಳಯ ಕಥೆ ಎಂದು ಅದರ ಕರ್ತನು ಸಾಧಿಸಿದ್ದನು. ಮೂರು ರಾತ್ರಿ ದೀಪವಾರಿಸದೆ ಓದಿದೆನು. ಪಾಠಶಾಲೆಯಲ್ಲಿ ಶಾಸ್ತ್ರವನ್ನು ಕಂಠಪಾಠ ಮಾಡಿದ್ದ ನನಗೆ, ಶತಪಥ ಬ್ರಾಹ್ಮಣದ ಮನುವಿನ ಕಥೆಯನ್ನು ಅಮೆರಿಕಾ ದೇಶದವನೊಬ್ಬನು ತನ್ನ ವಾದಕ್ಕೆ ಸಾಕ್ಷಿಯಾಗಿ ಕರೆದಿರುವುದು ಕಂಡು ಆದ ಹೆಮ್ಮೆಯು ಅಷ್ಟಿಷ್ಟಲ್ಲ.

ಮರುದಿನವೇ ತರಗತಿಯಲ್ಲಿ ಅದನ್ನು ಬೋಧಿಸಿದೆನು. ಮತ್ಸ್ಯವು ಮನುವಿನ ದೋಣಿಯನ್ನು ಉತ್ತರಗಿರಿಗೆ ಎಳೆದುಕೊಂಡು ಹೋದುದನ್ನು ಹೇಳಿ, ಆ ಪ್ರಳಯವೆಂದರೆ ಅಟ್ಲಾಂಟಿಸ್ ಮುಳುಗಿದ್ದೇ ಸರಿ ಎಂದು ಮುಗಿಸಿದಾಗ, ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, "ಸಾರ್, ದ್ವೀಪ ಮುಳುಗಿದ್ದು ಪಶ್ಚಿಮದ ಸಮುದ್ರದಲ್ಲಿ ಅಂದಿರಿ. ದೋಣಿ ಹೋದದ್ದು ಉತ್ತರದ ಬೆಟ್ಟಕ್ಕೆ ಅಂದಿರಿ. ಹಾಗಾದರೆ ಮನು ಹೊರಟದ್ದು ಎಲ್ಲಿಂದ?" ಎಂದು ಕೇಳಿದನು. "ಅಧಿಕಪ್ರಸಂಗ ಮಾಡಬೇಡ, ಕುಳಿತುಕೋ" ಎಂದೆನು. ಹುಡುಗನು ಕುಳಿತನು. ಆದರೆ ಪ್ರಶ್ನೆಯು ಕುಳಿತುಕೊಳ್ಳಲಿಲ್ಲ. ಬಹುಕಾಲದ ಮೇಲೆ ಆ ಗ್ರಂಥಕರ್ತನು ಯಾರು, ಅವನಿಗೆ ಇಂತಹ ನಿಶ್ಚಯಬುದ್ಧಿಯು ಎಲ್ಲಿಂದ ಬಂದಿತು ಎಂಬುದನ್ನು ವಿಚಾರಿಸಲು ತೊಡಗಿದಾಗ, ಅವನು ಪಂಡಿತನೂ ಅಲ್ಲ, ಪ್ರಾಧ್ಯಾಪಕನೂ ಅಲ್ಲ, ಚುನಾವಣೆಯಲ್ಲಿ ಸೋತು ಮನೆ ಸೇರಿದ ಒಬ್ಬ ಕಾಂಗ್ರೆಸ್ ಸದಸ್ಯನೆಂಬುದು ತಿಳಿದುಬಂದಿತು. ಆತನ ಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಇಗ್ನೇಷಿಯಸ್ ಡಾನೆಲಿಯು 1831ನೆಯ ಇಸವಿ ನವೆಂಬರ್ 3ನೆಯ ತಾರೀಖಿನಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದನು. ತಂದೆಯು ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕ್ ಮತಸ್ಥನು. ವೈದ್ಯಶಾಸ್ತ್ರವನ್ನು ಕಲಿತು ವೃತ್ತಿಯನ್ನು ಆರಂಭಿಸಿದ ಸ್ವಲ್ಪ ಕಾಲದಲ್ಲಿಯೇ ರೋಗಿಯೊಬ್ಬನಿಂದ ಅಂಟಿದ ಜ್ವರದಿಂದ ತೀರಿಕೊಂಡನು. ತಾಯಿಯು ಗಿರವಿ ಅಂಗಡಿಯನ್ನು ಇಟ್ಟು ಮಕ್ಕಳನ್ನು ಸಾಕಿದಳು. ಬಾಲಕನು ಆ ನಗರದ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ, ಮುಂದೆ ಅಮೆರಿಕಾ ಸರ್ಕಾರದ ಅಟಾರ್ನಿ ಜನರಲ್ ಆದ ಬೆಂಜಮಿನ್ ಬ್ರೂಸ್ಟರ್ ಎಂಬ ವಕೀಲನ ಬಳಿ ನ್ಯಾಯಶಾಸ್ತ್ರವನ್ನು ಅಭ್ಯಾಸ ಮಾಡಿ, ವಕೀಲನಾದನು. ಅದಕ್ಕೆ ಮೊದಲೇ, 1850ರಲ್ಲಿ, ಒಂದು ಕಾವ್ಯವನ್ನು ಅಚ್ಚು ಹಾಕಿಸಿದ್ದನು. ಕವಿತ್ವವು ಮುಂದುವರಿಯಲಿಲ್ಲ, ಬರೆಯಬೇಕೆಂಬ ಚಪಲವು ಮಾತ್ರ ಬೂದಿಯ ಒಳಗಿನ ಕೆಂಡದಂತೆ ಉಳಿದುಕೊಂಡಿತು.

ಆ ಕಾಲದಲ್ಲಿ ಪಶ್ಚಿಮದ ಹೊಸ ಭೂಮಿಯ ಹುಚ್ಚು ಅಮೆರಿಕಾದ ತರುಣರನ್ನೆಲ್ಲ ಹಿಡಿದಿದ್ದಿತು. ಡಾನೆಲಿಯೂ ಹೆಂಡತಿಯನ್ನು ಕರೆದುಕೊಂಡು ಮಿನೆಸೋಟಾ ಪ್ರಾಂತಕ್ಕೆ ಹೋಗಿ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಹೇಸ್ಟಿಂಗ್ಸ್ ಎಂಬ ಊರಿನ ಸಮೀಪದಲ್ಲಿ, ಜಾನ್ ನಿನಿಂಜರ್ ಎಂಬವನ ಸಹಭಾಗಿತ್ವದಲ್ಲಿ 'ನಿನಿಂಜರ್' ಎಂಬ ಪಟ್ಟಣವನ್ನೇ ಸ್ಥಾಪಿಸಲು ಹೊರಟನು. ನಿವೇಶನಗಳನ್ನು ಮಾರುವುದಕ್ಕಾಗಿ ಇಂಗ್ಲಿಷ್ ಮತ್ತು ಜರ್ಮನ್ ಎರಡು ಭಾಷೆಗಳಲ್ಲಿಯೂ ಒಂದು ಪತ್ರಿಕೆಯನ್ನು ಹೊರಡಿಸಿದನು. ವಲಸೆಗಾರರು ಬಂದರು, ಮನೆಗಳು ಎದ್ದುವು. ಅಷ್ಟರಲ್ಲಿ 1857ರ ಹಣದ ಮುಗ್ಗಟ್ಟು ಅಮೆರಿಕಾದ ಬ್ಯಾಂಕುಗಳನ್ನು ಉರುಳಿಸಿತು; ಸಾಲ ಮಾಡಿ ನಿವೇಶನ ಕೊಂಡವರು ಕಂತು ಕಟ್ಟಲಾರದೆ ಹೊರಟುಹೋದರು. ಊರು ಕರಗಿತು. ಪಟ್ಟಣದ ಬೀದಿಗಳೆಂದು ನಕ್ಷೆಯಲ್ಲಿ ಬರೆದಿದ್ದ ನೆಲವನ್ನು ಉತ್ತು ಅವನು ಗೋಧಿ ಬಿತ್ತಿದನು. ತನ್ನ ಕಣ್ಣೆದುರಿಗೆ ಒಂದು ನಗರವು ಇಲ್ಲವಾದುದನ್ನು ಕಂಡವನು ಮುಳುಗಿದ ದ್ವೀಪದ ಕಥೆಯನ್ನು ಬರೆದನೆಂಬುದರಲ್ಲಿ ನನಗೆ ಆಶ್ಚರ್ಯವಿಲ್ಲ. ಆದರೆ ಇದು ನನ್ನ ಊಹೆ. ಊಹೆಯನ್ನು ಊಹೆಯೆಂದೇ ಹೇಳಿಬಿಡುವುದು ಮೇಲು, ವಿಶೇಷವಾಗಿ ಡಾನೆಲಿಯ ವಿಷಯವನ್ನು ಬರೆಯುವವನಿಗೆ.

ಊರು ಹೋದರೂ ಮಾತು ಹೋಗಲಿಲ್ಲ. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ರಿಪಬ್ಲಿಕನ್ ಪಕ್ಷವು ಆಗ ಹೊಸದು; ಡಾನೆಲಿಯು ಅದರ ಪರವಾಗಿ ಊರೂರು ತಿರುಗಿ ಭಾಷಣ ಮಾಡಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮಿನೆಸೋಟಾ ಸಂಸ್ಥಾನದ ಲೆಫ್ಟಿನೆಂಟ್ ಗವರ್ನರ್ ಆದನು. ಅಂತರ್ಯುದ್ಧವು ನಡೆಯುತ್ತಿದ್ದಾಗಲೇ, 1863ರಲ್ಲಿ, ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಯನ್ನು ಪ್ರವೇಶಿಸಿ, 1869ರವರೆಗೆ ಮೂರು ಅವಧಿಗಳ ಕಾಲ ಅಲ್ಲಿದ್ದನು. ಈ ಆರು ವರ್ಷಗಳಲ್ಲಿ ಅವನು ಆಡಿದ ಮಾತುಗಳಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ವಿದ್ಯಾಭ್ಯಾಸದ ಪರವಾದ ವಾದ. ಬಿಡುಗಡೆ ಹೊಂದಿದ ನೀಗ್ರೋ ಜನರಿಗೆ ಸ್ವಾತಂತ್ರ್ಯವನ್ನು ಕೊಟ್ಟು ಅಕ್ಷರವನ್ನು ಕೊಡದಿದ್ದರೆ ಆ ಸ್ವಾತಂತ್ರ್ಯವು ನಿಲ್ಲಲಾರದೆಂದೂ, ರಾಷ್ಟ್ರಕ್ಕೆಲ್ಲ ಒಂದು ವಿದ್ಯಾಭ್ಯಾಸದ ಇಲಾಖೆಯು ಬೇಕೆಂದೂ ಅವನು ಸಭೆಯಲ್ಲಿ ಒತ್ತಾಯಪಡಿಸಿದನು. ಅಂತಹ ಇಲಾಖೆಯು 1867ರಲ್ಲಿ ಏರ್ಪಟ್ಟಿತು. ಅದರ ಶ್ರೇಯಸ್ಸು ಅವನೊಬ್ಬನದೇ ಅಲ್ಲ. ಪಾಲು ಮಾತ್ರ ಅವನಿಗೂ ಸಲ್ಲುವುದು.

ಅವನ ಪತನವೂ ಮಾತಿನಿಂದಲೇ ಆಯಿತು. ಇಲಿನಾಯ್ ಸಂಸ್ಥಾನದ ಎಲೈಹು ವಾಷ್‌ಬರ್ನ್ ಎಂಬ ಹಿರಿಯ ಸದಸ್ಯನು ಡಾನೆಲಿಯ ಪ್ರಾಮಾಣಿಕತೆಯನ್ನು ಶಂಕಿಸಿ ಬರೆದ ಪತ್ರವೊಂದು ಮಿನೆಸೋಟಾದ ಪತ್ರಿಕೆಯಲ್ಲಿ ಪ್ರಕಟವಾಯಿತು. 1868ರ ಮೇ ತಿಂಗಳಲ್ಲಿ ಡಾನೆಲಿಯು ಸಭೆಯಲ್ಲಿ ಎದ್ದುನಿಂತು ಉತ್ತರ ಕೊಟ್ಟನು. ಉತ್ತರವೆಂದರೆ ಆರೋಪಕ್ಕೆ ಸಮಾಧಾನವನ್ನು ಹೇಳಿ ಕುಳಿತುಕೊಳ್ಳುವುದಲ್ಲ. ವಾಷ್‌ಬರ್ನನ ಮುಖ, ಮಾತು, ಮನೆತನ, ಅಣ್ಣತಮ್ಮಂದಿರು ಒಂದನ್ನೂ ಬಿಡದೆ ನಿಂದಿಸಿದನು. ಸಭಾಧ್ಯಕ್ಷನು ಕಾಲಾವಕಾಶವನ್ನು ಕೊಡುತ್ತ ಹೋದಂತೆ ಬೈಗುಳವೂ ಬೆಳೆಯುತ್ತ ಹೋಯಿತು. ಕೇಳುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ನಗೆಯಿಳಿದ ಮೇಲೆ ಇಂತಹವನು ಸಭೆಗೆ ತಕ್ಕವನೇ ಎಂಬ ಪ್ರಶ್ನೆಯು ಉಳಿಯಿತು. ವಾಷ್‌ಬರ್ನನು ಜನರಲ್ ಗ್ರಾಂಟನ ಆಪ್ತನು; ಗ್ರಾಂಟನು ಆ ವರ್ಷವೇ ಅಧ್ಯಕ್ಷನಾಗಿ ಚುನಾಯಿತನಾಗುವವನು. ಸ್ವಂತ ಸಂಸ್ಥಾನದಲ್ಲಿ ಸೆನೆಟರ್ ಅಲೆಕ್ಸಾಂಡರ್ ರ್‍ಯಾಮ್ಸೇ ಎಂಬವನ ಬಳಗವು ಮೊದಲೇ ವಿರೋಧವಾಗಿದ್ದಿತು. ಪಕ್ಷವು ಎರಡಾಗಿ ಒಡೆದು, ಇಬ್ಬರು ರಿಪಬ್ಲಿಕನ್ನರು ಪರಸ್ಪರ ಕಾದಾಡಿ, ಸ್ಥಾನವು ಡೆಮೊಕ್ರಾಟನೊಬ್ಬನ ಪಾಲಾಯಿತು. ಹತ್ತು ವರ್ಷಗಳ ಮೇಲೆ, 1878ರಲ್ಲಿ, ಡಾನೆಲಿಯು ಮತ್ತೆ ಕಾಂಗ್ರೆಸ್ಸಿಗೆ ನಿಂತಾಗ ಅವನನ್ನು ಸೋಲಿಸಿದವನು ಯಾರೆಂದರೆ, ವಿಲಿಯಂ ವಾಷ್‌ಬರ್ನ್, ಅದೇ ಎಲೈಹುವಿನ ತಮ್ಮನು. ಆಡಿದ ಮಾತು ಸಾಲದಂತೆ. ಬಡ್ಡಿ ಸಹಿತ ಹಿಂದಕ್ಕೆ ಬರುವುದೆಂದು ನಮ್ಮ ಹಿರಿಯರು ಸುಮ್ಮನೆ ಹೇಳುತ್ತಿರಲಿಲ್ಲ.

ಈ ನಡುವಿನ ಹತ್ತು ವರ್ಷಗಳಲ್ಲಿ ಅವನು ಗೋಧಿ ಬೆಳೆದನು, ಸಂಸ್ಥಾನದ ಸೆನೆಟ್ಟಿನಲ್ಲಿ ಕುಳಿತನು, 'ಆಂಟಿ ಮಾನೊಪಲಿಸ್ಟ್' ಎಂಬ ಪತ್ರಿಕೆಯನ್ನು ನಡೆಸಿದನು, ಪಕ್ಷದಿಂದ ಪಕ್ಷಕ್ಕೆ ಹೋದನು. ಶತ್ರುಗಳು ಅವನನ್ನು ಗಾಳಿಕೋಳಿಯೆಂದು ಹಾಸ್ಯಮಾಡಿದರು. ಆದರೆ ಪಕ್ಷಗಳನ್ನು ಬದಿಗಿಟ್ಟು ನೋಡಿದರೆ, ರೈತನ ಧಾನ್ಯಕ್ಕೆ ರೈಲ್ವೆ ಕಂಪನಿಯವರು ಹಾಕುವ ಸಾಗಣೆ ದರ, ದಾಸ್ತಾನು ಮಳಿಗೆಯವರ ತೂಕ, ಸಾಲಗಾರನ ಬಡ್ಡಿ ಈ ಮೂರರ ಮೇಲಿನ ಕೋಪವನ್ನು ಅವನು ಎಂದೂ ಬಿಡಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

1880ರ ಚಳಿಗಾಲಕ್ಕೆ ಅವನಿಗೆ ನಲವತ್ತೊಂಬತ್ತು ತುಂಬಿದ್ದಿತು. ಚುನಾವಣೆಯ ಫಲಿತಾಂಶವನ್ನು ಪ್ರಶ್ನಿಸಿ ಕಾಂಗ್ರೆಸ್ಸಿಗೆ ಸಲ್ಲಿಸಿದ ಅರ್ಜಿಯೂ ಫಲಿಸಲಿಲ್ಲ. ಕೈಯಲ್ಲಿ ಹಣವಿಲ್ಲ, ಮನೆಯ ಸುತ್ತ ಹಿಮ. ಒಳಗೆ ಅವನು ವರ್ಷಗಟ್ಟಲೆ ಕೂಡಿಹಾಕಿದ್ದ ದೊಡ್ಡ ಪುಸ್ತಕ ಭಂಡಾರ. ಆ ನಿರಾಶೆಯ ದಿನಗಳಲ್ಲಿ ಬರೆಯಲು ಕುಳಿತು, ಹಸ್ತಪ್ರತಿಯನ್ನು ಹೊತ್ತುಕೊಂಡು ನ್ಯೂಯಾರ್ಕಿಗೆ ಹೋದನು. ಹಾರ್ಪರ್ ಸಹೋದರರು ಅದನ್ನು ಸ್ವೀಕರಿಸಿ 1882ರಲ್ಲಿ ಪ್ರಕಟಿಸಿದರು. ಮುದ್ರಣದ ಮೇಲೆ ಮುದ್ರಣಗಳು ಆದುವು. ಇಂಗ್ಲೆಂಡಿನ ಪ್ರಧಾನಮಂತ್ರಿ ಗ್ಲ್ಯಾಡ್‌ಸ್ಟನ್ನನು ಗ್ರಂಥವನ್ನು ಓದಿ ಸ್ವಹಸ್ತದಿಂದ ಪತ್ರ ಬರೆದನು. ವಾಷಿಂಗ್ಟನ್ನಿನಲ್ಲಿ ದೊರೆಯದ ಮನ್ನಣೆಯು ನಿನಿಂಜರಿನ ಹೊಲದ ಮನೆಗೆ ಅಂಚೆಯಲ್ಲಿ ಬಂದಿತು.

ಗ್ರಂಥದ ವಾದಕ್ರಮವನ್ನು ಸ್ವಲ್ಪ ನೋಡೋಣ. ಮೊದಲನೆಯ ಅಧ್ಯಾಯದಲ್ಲಿಯೇ ಹದಿಮೂರು ಪ್ರತಿಜ್ಞೆಗಳನ್ನು ಅವನು ಸಾಲಾಗಿ ನಿಲ್ಲಿಸುತ್ತಾನೆ. ಪ್ಲೇಟೋ ತನ್ನ 'ಟೈಮಿಯಸ್' ಮತ್ತು 'ಕ್ರಿಟಿಯಸ್' ಎಂಬ ಸಂವಾದಗಳಲ್ಲಿ ಹೇಳಿದ ಅಟ್ಲಾಂಟಿಸ್ ಕಥೆಯು ನೀತಿಕಥೆಯಲ್ಲ, ಇತಿಹಾಸವೇ. ಈಜಿಪ್ಟು ಅದರ ಅತ್ಯಂತ ಪ್ರಾಚೀನ ವಸಾಹತು. ಕಂಚಿನ ಆಯುಧಗಳೂ ಫಿನಿಷಿಯನ್ನರ ಅಕ್ಷರಮಾಲೆಯೂ ಅಲ್ಲಿಂದ ಬಂದುವು. ಆರ್ಯ ಕುಟುಂಬದ ಮೂಲಸ್ಥಾನವೂ ಅದೇ. ಆಮೇಲೆ ಸಾಕ್ಷಿಗಳ ಮೆರವಣಿಗೆ. ಈಜಿಪ್ಟಿನಲ್ಲಿ ಪಿರಮಿಡ್ಡು ಇದೆ, ಮೆಕ್ಸಿಕೋ ದೇಶದಲ್ಲಿಯೂ ಇದೆ; ಆದುದರಿಂದ ನಡುವೆ ದ್ವೀಪವಿದ್ದಿರಬೇಕು. ಅಲ್ಲಿಯೂ ಪ್ರಳಯದ ಕಥೆ, ಇಲ್ಲಿಯೂ ಪ್ರಳಯದ ಕಥೆ, ಆದುದರಿಂದ ಪ್ರಳಯವೊಂದೇ. 'ಚಾಲೆಂಜರ್' ಎಂಬ ಹಡಗು 1872ರಿಂದ 1876ರವರೆಗೆ ಸಾಗರದ ಆಳವನ್ನು ಅಳೆಯುತ್ತ ಹೋದಾಗ ಅಟ್ಲಾಂಟಿಕ್ಕಿನ ನಡುವೆ ನೀರಿನ ಕೆಳಗೆ ಉದ್ದವಾದ ದಿಣ್ಣೆಯಿರುವುದು ಸ್ಪಷ್ಟವಾಗಿದ್ದಿತು. ಅದೇ ಮುಳುಗಿದ ಭೂಮಿಯ ಬೆನ್ನು ಎಂದನು.

ನ್ಯಾಯಶಾಸ್ತ್ರವನ್ನು ಓದಿದವರಿಗೆ ವಾದ, ಜಲ್ಪ, ವಿತಂಡ ಎಂಬ ಮೂರು ಕಥಾಭೇದಗಳು ತಿಳಿದಿರುವುವು. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ವಾದಿಯು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮೊದಲು ನಿಲ್ಲಿಸಿ ಆಮೇಲೆ ಸಿದ್ಧಾಂತಕ್ಕೆ ಬರುವನು. ನಮ್ಮ ಗುರುಗಳು, ಎದುರಾಳಿಯ ಮಾತನ್ನು ಅವನಿಗಿಂತಲೂ ಚೆನ್ನಾಗಿ ಹೇಳಲಾರದವನಿಗೆ ಅದನ್ನು ಖಂಡಿಸುವ ಅಧಿಕಾರವಿಲ್ಲವೆಂದು ಹೇಳುತ್ತಿದ್ದರು. ಡಾನೆಲಿಯು ಹಾಗೆ ಮಾಡಲಿಲ್ಲ. ಆತನು ವಕೀಲನಾಗಿಯೂ ಚುನಾವಣೆಯ ಭಾಷಣಕಾರನಾಗಿಯೂ ಮೂವತ್ತು ವರ್ಷ ಕಳೆದವನು. ಕಕ್ಷಿಯ ಪರವಾದ ಸಾಕ್ಷಿಯನ್ನು ಕರೆಯುವನು, ವಿರೋಧವಾದ ಸಾಕ್ಷಿಯನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸುವನು. ಮನುವಿನ ಕಥೆಯಲ್ಲಿ ಅವನಿಗೆ ಬೇಕಾದದ್ದು ಪ್ರಳಯ. ದೋಣಿಯನ್ನು ಉತ್ತರಗಿರಿಯ ಮರಕ್ಕೆ ಕಟ್ಟಿದ್ದು, ನೀರು ಇಳಿದಂತೆ ಮನುವು ಮೆಲ್ಲಮೆಲ್ಲನೆ ಇಳಿದು ಬಂದದ್ದು, ಆ ಸ್ಥಳಕ್ಕೆ 'ಮನುವಿನ ಅವಸರ್ಪಣ'ವೆಂದು ಹೆಸರಾದದ್ದು ಅವನ ದ್ವೀಪಕ್ಕೆ ಹೊಂದುವುದಿಲ್ಲ. ನನ್ನ ಹಿಂದಿನ ಬೆಂಚಿನ ಹುಡುಗನು ಕೇಳಿದ್ದು ಇದನ್ನೇ. ಹುಡುಗನು ನೈಯಾಯಿಕನು, ಗುರುವೇ ಜಲ್ಪಕನಾಗಿದ್ದನು.

ಗ್ರಂಥವು ಭೂಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅಟ್ಲಾಂಟಿಕ್ಕಿನ ನಡುವಿನ ದಿಣ್ಣೆಯು ಮುಳುಗಿದ ನೆಲವಲ್ಲ. ಭೂಮಿಯ ಒಳಗಿನಿಂದ ಕರಗಿದ ಶಿಲೆಯು ಮೇಲಕ್ಕೆದ್ದು ಹೊಸ ಸಾಗರತಳವು ಹುಟ್ಟುವ ಸ್ಥಾನವೆಂಬುದೂ, ಎರಡು ಕಡೆಯ ಖಂಡಗಳು ಅದರಿಂದ ದೂರ ಸರಿಯುತ್ತಿರುವುವೆಂಬುದೂ 1960ರ ದಶಕದ ಸಂಶೋಧನೆಗಳಿಂದ ಸ್ಥಿರಪಟ್ಟಿತು. ಅಂದರೆ ಅವನು ಸ್ಮಶಾನವೆಂದು ತೋರಿಸಿದ ಸ್ಥಳವು ಸೂತಿಕಾಗೃಹ. ಆದರೂ ಗ್ರಂಥವು ಸಾಯಲಿಲ್ಲ. ಬ್ಲಾವಟ್‌ಸ್ಕಿಯು 1888ರಲ್ಲಿ ಪ್ರಕಟಿಸಿದ 'ದಿ ಸೀಕ್ರೆಟ್ ಡಾಕ್ಟ್ರಿನ್' ಎಂಬ ಗ್ರಂಥದಲ್ಲಿ ಡಾನೆಲಿಯನ್ನು ಪ್ರಮಾಣವಾಗಿ ಎತ್ತಿಕೊಂಡಿದ್ದಾಳೆ. ಥಿಯಸಾಫಿಕಲ್ ಸೊಸೈಟಿಯ ಕೇಂದ್ರಸ್ಥಾನವು ಮದರಾಸಿನ ಅಡಯಾರಿನಲ್ಲಿ ನೆಲಸಿ, ಅದರ ಪುಸ್ತಕಗಳು ದಕ್ಷಿಣದ ವಕೀಲರ ಮತ್ತು ಅಧಿಕಾರಿಗಳ ಮನೆಗಳಲ್ಲಿ ಹರಡಿದುವು. ನಮ್ಮ ಊರಿನ ಆ ವಕೀಲರ ಕಪಾಟಿನಲ್ಲಿಯೂ ಡಾನೆಲಿಯ ಪಕ್ಕದಲ್ಲಿ ಇದ್ದದ್ದು ಅಡಯಾರಿನ ಸಂಪುಟಗಳೇ.

ಮಾರನೆಯ ವರ್ಷವೇ 'ರ್‍ಯಾಗ್ನರಾಕ್' ಎಂಬ ಎರಡನೆಯ ಗ್ರಂಥವು ಹೊರಬಂದಿತು. ಉತ್ತರ ದೇಶಗಳ ನೆಲದ ಮೇಲೆ ಕಾಣುವ ಜೇಡಿ, ಮರಳು, ಬೆಣಚುಕಲ್ಲುಗಳ ರಾಶಿಯು ಹಿಮನದಿಗಳಿಂದ ಬಂದುದಲ್ಲ, ಪೂರ್ವಕಾಲದಲ್ಲಿ ಒಂದು ಧೂಮಕೇತುವು ಭೂಮಿಯನ್ನು ತಾಗಿ ಸುರಿಸಿದ್ದು ಎಂಬುದು ಅದರ ಸಾರ. ಹಾರ್ಪರ್ ಸಂಸ್ಥೆಯವರು ಇದನ್ನು ಒಲ್ಲೆವೆಂದರು. ಬೇರೆಯವರು ಅಚ್ಚು ಮಾಡಿದರು. ಅದರ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ.

ಹೇಳಬೇಕಾದದ್ದು ಮೂರನೆಯದರ ವಿಷಯ. ಷೇಕ್ಸ್‌ಪಿಯರನ ನಾಟಕಗಳನ್ನು ಬರೆದವನು ಷೇಕ್ಸ್‌ಪಿಯರನಲ್ಲ, ಫ್ರಾನ್ಸಿಸ್ ಬೇಕನ್ ಎಂಬ ಮಂತ್ರಿ ತತ್ತ್ವಜ್ಞಾನಿಯೆಂಬ ಪಕ್ಷವು ಡಾನೆಲಿಗಿಂತ ಮುಂಚೆಯೇ ಹುಟ್ಟಿದ್ದಿತು. ಬೇಕನನು ನಾಟಕಗಳ ಪದಗಳ ನಡುವೆ ತನ್ನ ಗುಟ್ಟನ್ನು ಸಂಕೇತರೂಪವಾಗಿ ಅಡಗಿಸಿರುವನು, ಅದರ ಬೀಗದ ಕೈ ತನಗೆ ದೊರೆತಿದೆ ಎಂದು ಡಾನೆಲಿಯು ಘೋಷಿಸಿ, 1888ರಲ್ಲಿ ಸುಮಾರು ಒಂದು ಸಾವಿರ ಪುಟಗಳ 'ದಿ ಗ್ರೇಟ್ ಕ್ರಿಪ್ಟೊಗ್ರಾಂ' ಎಂಬ ಗ್ರಂಥವನ್ನು ಪ್ರಕಟಿಸಿದನು. 1623ರ ಫೋಲಿಯೋ ಮುದ್ರಣದಲ್ಲಿ 'ನಾಲ್ಕನೆಯ ಹೆನ್ರಿ' ನಾಟಕದ ಪದಗಳನ್ನು ಒಂದೊಂದಾಗಿ ಎಣಿಸಿ, 505, 506, 513, 516, 523 ಎಂಬ ಐದು ಮೂಲಸಂಖ್ಯೆಗಳಿಂದ ಬೇರೆ ಬೇರೆ ಸಂಖ್ಯೆಗಳನ್ನು ಕಳೆದು, ಉಳಿದ ಸಂಖ್ಯೆಯ ಪದವನ್ನು ಆರಿಸಿ, ವಾಕ್ಯಗಳನ್ನು ಜೋಡಿಸಿದನು. ಯಾವ ಮೂಲಸಂಖ್ಯೆ, ಯಾವುದನ್ನು ಕಳೆಯಬೇಕು, ಪುಟದ ಮೇಲಿನಿಂದಲೋ ಕೆಳಗಿನಿಂದಲೋ ಎಂಬುದಕ್ಕೆ ನಿಯಮವು ಸ್ಥಿರವಾಗಿಲ್ಲ. ಬೇಕಾದ ಪದವು ಬರುವವರೆಗೆ ಲೆಕ್ಕವು ಬದಲಾಗುವುದು.

ಗೂಢಸಂಖ್ಯೆಯೆಂಬುದು ನಮ್ಮವರಿಗೆ ಹೊಸದಲ್ಲ. ಕಟಪಯಾದಿ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅಂಕವು ಮೊದಲೇ ನಿಶ್ಚಿತ. 'ಧೀರಶಂಕರಾಭರಣ' ಎಂಬಲ್ಲಿ ಧಕಾರಕ್ಕೆ ಒಂಬತ್ತು, ರೇಫಕ್ಕೆ ಎರಡು; ಅಂಕಗಳನ್ನು ತಿರುಗಿಸಿ ಓದಿದರೆ ಇಪ್ಪತ್ತೊಂಬತ್ತು; ಮೇಳಕರ್ತ ರಾಗಗಳಲ್ಲಿ ಅದು ಇಪ್ಪತ್ತೊಂಬತ್ತನೆಯದು. ಸಂಗೀತಪಾಠ ಹೇಳಿಸಿಕೊಳ್ಳುವ ಮನೆಯ ಹುಡುಗಿಯೂ ಇದನ್ನು ಲೆಕ್ಕ ಹಾಕಬಲ್ಲಳು. ಯಾರು ಹಾಕಿದರೂ ಉತ್ತರವೊಂದೇ. ಡಾನೆಲಿಯ ಲೆಕ್ಕವನ್ನು ಡಾನೆಲಿಯೊಬ್ಬನೇ ಹಾಕಬಲ್ಲನು. ಜೋಸೆಫ್ ಗಿಲ್ಪಿನ್ ಪೈಲ್ ಎಂಬ ಮಿನೆಸೋಟಾದ ಪತ್ರಕರ್ತನು ಅದೇ ವರ್ಷ ಒಂದು ಚಿಕ್ಕ ಪುಸ್ತಕವನ್ನು ಹೊರಡಿಸಿ, ಇದೇ ಉಪಾಯದಿಂದ 'ಹ್ಯಾಮ್ಲೆಟ್' ನಾಟಕದಲ್ಲಿ, ರಾಜಕಾರಣಿಯೂ ಬೂಟಾಟಿಕೆಯವನೂ ಆದ ಡಾನೆಲಿಯೆಂಬವನು ಈ ನಾಟಕದ ಗುಟ್ಟನ್ನು ಬಿಡಿಸುವನೆಂದು ಷೇಕ್ಸ್‌ಪಿಯರನೇ ಭವಿಷ್ಯ ಹೇಳಿರುವುದನ್ನು ಕಂಡುಹಿಡಿದು ತೋರಿಸಿದನು! ಇದಕ್ಕಿಂತ ತೀಕ್ಷ್ಣವಾದ ಖಂಡನೆಯು ನನಗೆ ತಿಳಿದಿಲ್ಲ. ಡಾನೆಲಿಯು ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳ ಚರ್ಚಾಕೂಟದ ಮುಂದೆ ತನ್ನ ಪಕ್ಷವನ್ನು ಮಂಡಿಸಿ ಮತದಲ್ಲಿ ಸೋತನು. ಪುಸ್ತಕವು ಮಾರಾಟವಾಗಲಿಲ್ಲ, ಪ್ರಕಾಶಕನಿಗೂ ಅವನಿಗೂ ಜಗಳವಾಯಿತು. ಅಮೆರಿಕಾದ ಸೈನ್ಯಕ್ಕೆ ಗೂಢಲಿಪಿಗಳನ್ನು ಬಿಡಿಸಿಕೊಟ್ಟ ಫ್ರೀಡ್‌ಮನ್ ದಂಪತಿಗಳು 1957ರಲ್ಲಿ ಇಂತಹ ಸಂಕೇತವಾದಗಳನ್ನೆಲ್ಲ ಪರೀಕ್ಷಿಸಿ, ಒಂದೂ ನಿಲ್ಲದೆಂದು ತೀರ್ಪು ಕೊಟ್ಟರು. ಡಾನೆಲಿಯು ಮಾತ್ರ ಸಾಯುವವರೆಗೂ ನಂಬಿಕೆಯನ್ನು ಬಿಡಲಿಲ್ಲ. 1899ರಲ್ಲಿ ಅದೇ ವಿಷಯದ ಮೇಲೆ ಮತ್ತೊಂದು ಪುಸ್ತಕವನ್ನು ಬರೆದನು. ವಂಚಕನು ಹಾಗೆ ಮಾಡುವುದಿಲ್ಲ. ಅವನು ಮೊದಲು ಮೋಸಗೊಳಿಸಿದ್ದು ತನ್ನನ್ನೇ.

ಇಷ್ಟಾದ ಮೇಲೆ ಮನುಷ್ಯನು ಮುಗಿದನೆಂದು ತೋರಬಹುದು. ಐವತ್ತೆಂಟು ವರ್ಷ ವಯಸ್ಸು, ಸಭೆಯಲ್ಲಿ ಸ್ಥಾನವಿಲ್ಲ, ಪಂಡಿತರಲ್ಲಿ ನಗೆಪಾಟಲು. ಆಗ ಅವನು ಕಾದಂಬರಿಯನ್ನು ಬರೆದನು. ಅನೇಕ ಪ್ರಕಾಶಕರು ಹೆದರಿ ಹಿಂದಕ್ಕೆ ಕಳುಹಿಸಿದ 'ಸೀಸರ್ಸ್ ಕಾಲಂ' ಎಂಬ ಆ ಕೃತಿಯು 1890ರಲ್ಲಿ ಷಿಕಾಗೋ ನಗರದಲ್ಲಿ ಎಡ್ಮಂಡ್ ಬಾಯಿಸ್‌ಗಿಲ್ಬರ್ಟ್ ಎಂಬ ಕಲ್ಪಿತ ನಾಮದಿಂದ ಹೊರಬಂದಿತು. ಕಥೆಯು ನಡೆಯುವುದು 1988ರ ನ್ಯೂಯಾರ್ಕಿನಲ್ಲಿ. ಆಫ್ರಿಕಾದಿಂದ ಉಣ್ಣೆ ಮಾರಲು ಬಂದ ಗೇಬ್ರಿಯಲ್ ಎಂಬ ತರುಣನು ಆಕಾಶನೌಕೆಗಳನ್ನೂ ದೇಶದೇಶಗಳ ವಾರ್ತೆಯನ್ನು ಊಟದ ಮೇಜಿನ ಬಳಿಯೇ ತೋರಿಸುವ ಕನ್ನಡಿಗಳನ್ನೂ ಕಂಡು ಬೆರಗಾಗುವನು. ಅದೇ ನಗರದ ಅಡಿಯಲ್ಲಿ ಬಿಸಿಲು ಕಾಣದೆ ದುಡಿಯುವ ಜನಸಮೂಹವನ್ನೂ ಕಾಣುವನು. ಕೆಲವೇ ಧನಿಕರು ಸರ್ಕಾರವನ್ನು ಕೊಂಡುಬಿಟ್ಟಿರುವರು. ಕೊನೆಗೆ ದುಡಿಯುವವರು ದಂಗೆಯೆದ್ದು ಗೆಲ್ಲುವರು. ಅವರ ನಾಯಕ ಸೀಸರ್ ಎಂಬವನು ಎರಡೂವರೆ ಲಕ್ಷ ಹೆಣಗಳನ್ನು ಒಟ್ಟಿ ಸಿಮೆಂಟು ಸುರಿದು ಜಯಸ್ತಂಭವನ್ನು ಕಟ್ಟಿಸುವನು. ಅದಕ್ಕಿಂತ ಎರಡು ವರ್ಷ ಮೊದಲು ಎಡ್ವರ್ಡ್ ಬೆಲ್ಲಮಿಯು ಮುಂದಿನ ಕಾಲವನ್ನು ರಾಮರಾಜ್ಯವಾಗಿ ಚಿತ್ರಿಸಿ ಓದುಗರನ್ನು ಸಂತೋಷಪಡಿಸಿದ್ದನು. ಡಾನೆಲಿಯು ತೋರಿಸಿದ್ದು ದಬ್ಬಾಳಿಕೆಯೂ ಸೇಡೂ ಒಂದನ್ನೊಂದು ಹುಟ್ಟಿಸುವ ನರಕವನ್ನು. ಈ ಕೃತಿಯ ಮೇಲೆ ಒಂದು ಕಲೆಯಿದೆ, ಅದನ್ನು ಮುಚ್ಚಬಾರದು. ಧನಿಕ ಪ್ರಭುಗಳ ಮುಖ್ಯಸ್ಥನನ್ನು ಅವನು ಯೆಹೂದ್ಯನನ್ನಾಗಿ ಮಾಡಿ, ಆ ಜನಾಂಗದ ವಿಷಯದಲ್ಲಿ ಅಂದಿನ ಹೀನ ಮಾತುಗಳನ್ನೇ ಆಡಿರುವನು. ಮರುವರ್ಷ ಬರೆದ 'ಡಾಕ್ಟರ್ ಹ್ಯೂಗೆಟ್' ಎಂಬ ಕಥೆಯಲ್ಲಿ ಅದೇ ಲೇಖನಿಯು ಬಿಳಿಯ ವೈದ್ಯನೊಬ್ಬನ ಆತ್ಮವನ್ನು ಕರಿಯನೊಬ್ಬನ ದೇಹದಲ್ಲಿ ಹೊಗಿಸಿ, ಚರ್ಮದ ಬಣ್ಣದಿಂದ ಆಗುವ ಅವಮಾನವನ್ನು ಅವನಿಗೆ ಉಣಿಸಿತು. ಒಂದು ಕಣ್ಣು ತೆರೆದಿದ್ದಿತು, ಒಂದು ಕಣ್ಣು ಮುಚ್ಚಿದ್ದಿತು.

ಆ ವೇಳೆಗೆ ಗೋಧಿ ಮತ್ತು ಹತ್ತಿಯ ಬೆಲೆಯು ಇಳಿಯುತ್ತ ಬಂದು, ಅಮೆರಿಕಾದ ಪಶ್ಚಿಮ ಮತ್ತು ದಕ್ಷಿಣದ ರೈತರು ಸಾಲದಲ್ಲಿ ಮುಳುಗಿದ್ದರು. ಅವರು ಕಟ್ಟಿಕೊಂಡ ಒಕ್ಕೂಟಗಳಿಂದ ಜನತಾ ಪಕ್ಷವೆಂಬ ಮೂರನೆಯ ಪಕ್ಷವು ಹುಟ್ಟಿತು. 1892ರ ಜುಲೈ 4ರಂದು, ಆ ದೇಶದ ಸ್ವಾತಂತ್ರ್ಯ ದಿನದಲ್ಲಿ, ನೆಬ್ರಾಸ್ಕಾದ ಒಮಾಹಾ ನಗರದಲ್ಲಿ ಅದರ ಮಹಾಸಭೆಯು ಅಂಗೀಕರಿಸಿದ ಪ್ರಣಾಳಿಕೆಯ ಪೀಠಿಕೆಯನ್ನು ಬರೆದವನು ಡಾನೆಲಿ. ಅದು ಚಿಕ್ಕದು, ಒಂದು ಸಾವಿರ ಪುಟಗಳ ಸಂಕೇತಗ್ರಂಥದ ಮುಂದೆ ಎರಡು ಮೂರು ಪುಟವೂ ಆಗದು. ಮತದಾನವನ್ನು ಹಣವು ಕೊಳ್ಳುತ್ತಿದೆ, ಪತ್ರಿಕೆಗಳ ಬಾಯಿ ಕಟ್ಟಿದೆ, ರೈತನ ಮನೆಯು ಒತ್ತೆಯಲ್ಲಿದೆ, ಒಂದೇ ಅನ್ಯಾಯದ ಬಸಿರಿನಿಂದ ಅಲೆಮಾರಿಗಳೂ ಕೋಟ್ಯಧೀಶರೂ ಹುಟ್ಟುತ್ತಿದ್ದಾರೆ ಎಂಬ ದೂರು ಅದರಲ್ಲಿದೆ. ಅದನ್ನು ಓದಿ ಮುಗಿಸಿದಾಗ ಸೇರಿದ್ದ ಸಾವಿರಾರು ಜನರು ಎದ್ದುನಿಂತು ಕೂಗಿದ ಕೂಗು ಬಹಳ ಹೊತ್ತು ಅಡಗಲಿಲ್ಲವಂತೆ.

ಈ ಬರಹವು ಏಕೆ ನಿಂತಿತು, ಆ ಬರಹಗಳು ಏಕೆ ಬಿದ್ದುವು? ಶೈಲಿಯು ಒಂದೇ, ಆವೇಶವು ಒಂದೇ. ಒಂದೇ ಪಕ್ಷವನ್ನು ಹಿಡಿದು ವಾದಿಸುವ ವಕೀಲನೂ ಅವನೇ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಅಟ್ಲಾಂಟಿಸಿಗೆ ಅವನ ಬಳಿ ಇದ್ದದ್ದು ಸಾದೃಶ್ಯ ಮಾತ್ರ. ರೈತನ ದೂರಿಗೆ ಇದ್ದದ್ದು ಪ್ರತ್ಯಕ್ಷ. ನಿನಿಂಜರಿನಲ್ಲಿ ಅವನು ಬೆಳೆದ ಗೋಧಿಯನ್ನು ತೂಗಿದ ತಕ್ಕಡಿ, ಅವನು ತೆತ್ತ ರೈಲ್ವೆ ದರ, ಅವನೇ ಕಂಡ 1857ರ ದಿವಾಳಿ, ಇವು ಪುಸ್ತಕ ಭಂಡಾರದಿಂದ ಹೆಕ್ಕಿದ ಸಾಕ್ಷಿಗಳಲ್ಲ. ಮೇಲಾಗಿ ದೂರುಗಾರನಿಂದ ನಾವು ನ್ಯಾಯಾಧೀಶನ ಸಮಚಿತ್ತವನ್ನು ಬೇಡುವುದಿಲ್ಲ, ಇತಿಹಾಸಕಾರನಿಂದ ಬೇಡುತ್ತೇವೆ. ಚುನಾವಣಾ ವೇದಿಕೆಯ ಮಾತು ಚುನಾವಣಾ ವೇದಿಕೆಗೇ ಹಿಂದಿರುಗಿದಾಗ ಅದಕ್ಕೆ ತನ್ನ ಸ್ಥಾನವು ಸಿಕ್ಕಿತು.

ಆ ವರ್ಷದ ಚುನಾವಣೆಯಲ್ಲಿ ಜನತಾ ಪಕ್ಷದ ಅಧ್ಯಕ್ಷಾಭ್ಯರ್ಥಿ ಜೇಮ್ಸ್ ವೀವರನಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮತಗಳೂ 22 ಚುನಾಯಕ ಮತಗಳೂ ದೊರೆತುವು. ಮಿನೆಸೋಟಾದ ಗವರ್ನರ್ ಸ್ಥಾನಕ್ಕೆ ನಿಂತ ಡಾನೆಲಿಯು ಮೂರನೆಯವನಾದನು. ಪಕ್ಷವು ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೆ ಒಮಾಹಾ ಸಭೆಯು ಕೇಳಿದ್ದ ಏರುವ ಆದಾಯಕ್ಕೆ ಏರುವ ತೆರಿಗೆ, ಅಂಚೆಯ ಉಳಿತಾಯ ಬ್ಯಾಂಕು, ಸೆನೆಟ್ಟಿಗೆ ಜನರಿಂದಲೇ ನೇರವಾದ ಚುನಾವಣೆ ಇವುಗಳನ್ನು ಅಂದು ನಕ್ಕವರ ಪಕ್ಷಗಳೇ ಮುಂದೆ ಕಾನೂನು ಮಾಡಿದುವು. ವರಮಾನ ತೆರಿಗೆಗೂ ನೇರ ಚುನಾವಣೆಗೂ 1913ರಲ್ಲಿ ರಾಜ್ಯಾಂಗದಲ್ಲಿಯೇ ತಿದ್ದುಪಡಿಯಾಯಿತು.

1894ರಲ್ಲಿ ಅವನ ಹೆಂಡತಿ ಕೇಟ್ ತೀರಿಕೊಂಡಳು. ನಾಲ್ಕು ವರ್ಷದ ಮೇಲೆ ತನ್ನ ಕಾರ್ಯದರ್ಶಿಯಾಗಿದ್ದ ಮೇರಿಯನ್ ಹ್ಯಾನ್ಸನ್ ಎಂಬ ಇಪ್ಪತ್ತೊಂದು ವರ್ಷದ ತರುಣಿಯನ್ನು ವಿವಾಹವಾದನು, ವರನಿಗೆ ಅರವತ್ತಾರು. ಊರಿನವರಿಗೆ ಮಾತಾಡಲು ಇನ್ನೊಂದು ವಿಷಯವು ಸಿಕ್ಕಿತು. 1900ರಲ್ಲಿ ಪಕ್ಷದ ಅಳಿದುಳಿದ ತುಂಡೊಂದು ಅವನನ್ನು ಉಪಾಧ್ಯಕ್ಷ ಪದವಿಗೆ ನಿಲ್ಲಿಸಿತು, ಅಲ್ಲಿಯೂ ಸೋಲು. ಎರಡು ತಿಂಗಳು ಕಳೆಯುವುದರೊಳಗೆ, ಇಪ್ಪತ್ತನೆಯ ಶತಮಾನದ ಮೊದಲನೆಯ ದಿನವಾದ 1901ರ ಜನವರಿ 1ರಂದು, ಅವನು ಮಿನಿಯಾಪೊಲಿಸ್ ನಗರದಲ್ಲಿ ಮೃತನಾದನು. ಆ ಶತಮಾನದ ಕಥೆಯನ್ನು ಮೊದಲೇ ಬರೆದಿಟ್ಟಿದ್ದನು; ನೋಡಲು ಸಿಕ್ಕಿದ್ದು ಒಂದು ದಿನವೂ ಪೂರ್ತಿಯಲ್ಲ.

ನಿನಿಂಜರಿನ ಅವನ ಮನೆಯನ್ನು ಇಪ್ಪತ್ತನೆಯ ಶತಮಾನದ ನಡುವೆ ಕೆಡವಿದರು. ದಿನಚರಿಗಳೂ ಪತ್ರಗಳೂ ಮಿನೆಸೋಟಾದ ಇತಿಹಾಸ ಸಂಘದಲ್ಲಿ ಸುರಕ್ಷಿತವಾಗಿವೆ. ನಮ್ಮ ವಾಚನಾಲಯದ ಪ್ರತಿಗೆ ನಾನು ಹೊಸ ರಟ್ಟು ಹಾಕಿಸಿ, ಪ್ರಳಯದ ಅಧ್ಯಾಯದ ಅಂಚಿನಲ್ಲಿ ಸೀಸದ ಕಡ್ಡಿಯಿಂದ, "ಹಾಗಾದರೆ ಮನು ಹೊರಟದ್ದು ಎಲ್ಲಿಂದ?" ಎಂದು ಬರೆದಿಟ್ಟಿದ್ದೇನೆ. ಅದನ್ನು ಕೇಳಿದ ಹುಡುಗನು ಓದು ಮುಗಿಸಿ ಊರು ಬಿಟ್ಟು ಬಹಳ ವರ್ಷಗಳಾದುವು. ಅವನಿಗೆ ಉತ್ತರವನ್ನು ನಾನು ಇನ್ನೂ ಹೇಳಿಲ್ಲ.